ತೇವ ಹಿಡಿದ ಪಟಾಕಿ ಒಲೆಯ ಹತ್ತಿರ ಬೇಡ

ಪಟಾಕಿ ಹೆಚ್ಚಾಗಿ ತಯಾರಾಗುವುದು ಶಿವಕಾಶಿಯ ಒಣ ಹವೆಯಲ್ಲಿ. ಅದನ್ನು ಹಚ್ಚುವ ನಾವು ಇರುವುದು ಕಾರವಾರ, ಕುಮಟಾ, ಶಿರಸಿಯಂಥ ತೇವದ ಊರುಗಳಲ್ಲಿ. ದೀಪಾವಳಿ ಬಂದರೂ ಒಮ್ಮೊಮ್ಮೆ ಮಳೆ ಬಿಟ್ಟಿರುವುದಿಲ್ಲ. ಬತ್ತಿ ಅರ್ಧ ಹತ್ತಿ ಆರುತ್ತದೆ. ನಾನು ಕಂಡ ಅವಘಡಗಳೆಲ್ಲ ಶುರುವಾಗಿದ್ದು ಅಲ್ಲಿಂದಲೇ.

ಮೊದಲು ಖರೀದಿ. ಪರವಾನಗಿ ಇರುವ ಮಳಿಗೆಯಲ್ಲೇ ಕೊಳ್ಳಿ, ಬಿಲ್ ಕೇಳಿ. ತಾತ್ಕಾಲಿಕ ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರ ಇರಬೇಕು ಎನ್ನುತ್ತದೆ ನಿಯಮ. ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲಿ ನಿಲ್ಲಲೇಬೇಡಿ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಅಂಗಡಿಗೆ ಬೆಂಕಿ ಬಿದ್ದು ಎಷ್ಟು ಜೀವ ಹೋಯಿತು, ನೆನಪಿದೆ ಅಲ್ವಾ?

2018ರ ಸುಪ್ರೀಂ ಕೋರ್ಟ್ ಆದೇಶದಂತೆ ಮಾಲೆ ಪಟಾಕಿ, ಬೇರಿಯಂ ಇರುವ ಪಟಾಕಿ, ಆನ್‌ಲೈನ್ ಮಾರಾಟ ಮೂರೂ ಕೂಡದು. ಹಸಿರು ಪಟಾಕಿ ಮಾತ್ರ ಸರಿ. ಡಬ್ಬಿಯ ಮೇಲೆ ಕೇಂದ್ರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ಯ (NEERI) ಗುರುತು, ಕ್ಯೂಆರ್ ಕೋಡ್ ಇರುತ್ತದೆ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಗಾಗಿ ಕೋಡ್ ಸ್ಕ್ಯಾನ್ ಮಾಡಿ ನೋಡಿ. ಹಸಿರು ಅಂದರೆ ಹೊಗೆಯ ಕಣ ಕಡಿಮೆ, ಅಷ್ಟೇ. ಕೈ ಅದರಿಂದಲೂ ಸುಡುತ್ತದೆ.

ಹಬ್ಬಕ್ಕೆ ಊರಿಗೆ ಬರುವವರು ಪಟಾಕಿ ಹಿಡಿದು ರೈಲು, ಬಸ್ಸು ಹತ್ತಬೇಡಿ. ರೈಲಿನಲ್ಲಿ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲಾಗಬಹುದು.

ಈಗ ಮನೆಯಲ್ಲಿ ಇಡುವ ವಿಷಯ. ನಮ್ಮ ಕಡೆ ಜಾಸ್ತಿ ತಪ್ಪುವುದು ಇಲ್ಲೇ. ಪಟಾಕಿ ಮೆತ್ತಗಾಗಿದೆ ಎಂದು ಬಚ್ಚಲ ಒಲೆಯ ಕಟ್ಟೆ ಮೇಲೆ, ಹಂಡೆಯ ಪಕ್ಕ ಇಡುತ್ತಾರೆ. ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲೇ ಆ ಒಲೆಗೆ ಬೆಂಕಿ ಬೀಳುತ್ತದೆ. ಒಂದು ಕಿಡಿ ಸಾಕು. ಒಣಗಿಸುವ ಉಸಾಬರಿಯೇ ಬೇಡ. ಹಬ್ಬಕ್ಕೆ ಬೇಕಾದಷ್ಟನ್ನೇ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅಡುಗೆಮನೆಯಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅಡಿಕೆ ಅಟ್ಟದ ಮೇಲೆ ಬೇಡ.

ಹಚ್ಚುವ ಜಾಗಕ್ಕೆ ಬನ್ನಿ. ಘಟ್ಟದ ಮೇಲಿನವರು ಹುಲ್ಲಿನ ಬಣವೆ, ದರಕು (ಒಣ ಎಲೆ) ರಾಶಿ, ಕೊಟ್ಟಿಗೆ ಎಲ್ಲಿವೆ ನೋಡಿ. ಕರಾವಳಿಯವರು ಒಣ ಮಡಲು, ದೋಣಿ, ಬಲೆ ನೋಡಿ. ನೈಲಾನ್ ಬಲೆ ಕಿಡಿ ತಾಗಿದರೆ ಕರಗಿ ಉರಿಯುತ್ತದೆ. ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು ಹತ್ತಿರವೇ ಇರಲಿ. ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿ. ಉದ್ದದ ಊದುಬತ್ತಿಯಿಂದ, ಮೈ ಹಿಂದಕ್ಕೆ ಇಟ್ಟು, ಕೈ ಚಾಚಿ ಹಚ್ಚಿ. ಪಟಾಕಿ ಮೇಲೆ ಗರಟೆ, ಡಬ್ಬ ಮುಚ್ಚಬೇಡಿ. ಸುರಸುರ ಬತ್ತಿಯನ್ನು ಸುಮ್ನೆ ಮಕ್ಕಳ ಆಟ ಅಂದುಕೊಳ್ಳುತ್ತೇವೆ, ಅದರ ತುದಿಯ ಬಿಸಿ 1000 ಡಿಗ್ರಿ ದಾಟುತ್ತದೆ. ಉರಿದ ಕಡ್ಡಿ ನೇರ ನೀರಿಗೆ ಹೋಗಲಿ.

ಸಮಯ ರಾತ್ರಿ 8ರಿಂದ 10. ಆಸ್ಪತ್ರೆಯಿಂದ 100 ಮೀಟರ್ ಒಳಗೆ ಸದ್ದಿನ ಪಟಾಕಿ ಬೇಡ. ಕಾರವಾರದಲ್ಲಿ ನರಕಾಸುರನ ಪ್ರತಿಕೃತಿ ಸುಡುವುದು ಬೆಳಗಿನ ಜಾವ. ಆ ಹೊತ್ತು ಈ ಗಡುವಿನೊಳಗೆ ಬರುವುದಿಲ್ಲ. ಹೊಟ್ಟೆಗೆ ಪಟಾಕಿ ತುಂಬದೆ ಬರೀ ಹುಲ್ಲು ತುಂಬಿದರೂ ಅವನು ಚೆನ್ನಾಗಿಯೇ ಉರಿಯುತ್ತಾನೆ.

ಇನ್ನು ಹತ್ತದ ಪಟಾಕಿ. ನನ್ನ ಚಿಕ್ಕಪ್ಪನ ಮಗ ಆರಿದ ಹೂಕುಂಡದ ಮೇಲೆ ಬಗ್ಗಿ ಊದಿದ. ಅದು ಒಮ್ಮೆಲೇ ಎದ್ದಿತು. ಹುಬ್ಬು ಸುಟ್ಟಿತು, ಅಂಗೈ ಪೂರ್ತಿ ಬೊಬ್ಬೆ. ಕಣ್ಣು ಉಳಿದದ್ದು ಪುಣ್ಯ. ಹತ್ತದಿದ್ದರೆ ಅರ್ಧ ಗಂಟೆ ಯಾರೂ ಹತ್ತಿರ ಹೋಗಬೇಡಿ. ಆಮೇಲೆ ದೂರದಿಂದ ನೀರು ಸುರಿದು, ಬಕೆಟ್ಟಿನಲ್ಲಿ ಮುಳುಗಿಸಿಡಿ. ಮತ್ತೆ ಹಚ್ಚಬೇಡಿ.

ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ಉಂಗುರ, ಬಳೆ ಬೇಗ ತೆಗೆಯಿರಿ. ತುಪ್ಪ, ಟೂತ್‌ಪೇಸ್ಟ್ ಹಚ್ಚಬೇಡಿ. ಕಣ್ಣಿಗೆ ಪೆಟ್ಟಾದರೆ ಉಜ್ಜದೆ, ಒತ್ತದೆ ಕೂಡಲೇ ಆಸ್ಪತ್ರೆಗೆ ಹೊರಡಿ. ನಮ್ಮ ಜಿಲ್ಲೆಯಿಂದ ಮಣಿಪಾಲ, ಹುಬ್ಬಳ್ಳಿ ಎಷ್ಟು ದೂರ ಎಂದು ನಿಮಗೇ ಗೊತ್ತು, ತಡ ಮಾಡಬೇಡಿ. ಆಂಬುಲೆನ್ಸ್‌ಗೆ 108, ಬೆಂಕಿಗೆ 112.

ಮರುದಿನ ಮಕ್ಕಳು ಏಳುವ ಮೊದಲೇ ಅಂಗಳ ಗುಡಿಸಿ. ಸಿಡಿಯದ ಪಟಾಕಿ ಹೆಕ್ಕಿ, ಮದ್ದು ಬಿಡಿಸಿ ಕಾಗದದ ಮೇಲೆ ಸುರಿದು ಬೆಂಕಿ ಕೊಡುವುದು ಅವರ ಹಳೇ ಆಟ.