ಬೊನೊಮ್‌ನಿಂದ ಎಲಿಜಬೆಟ್ಟಾವರೆಗೆ: ಎರಡು ತಂಗುಮನೆಗಳ ನಡುವಿನ ಒಂದು ದಿನ

ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಪರ್ವತವನ್ನು ಸುತ್ತಿಬರುವ ಚಾರಣದ ದಾರಿ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹಾದು ಸುಮಾರು 170 ಕಿಲೋಮೀಟರ್ ಸಾಗುತ್ತದೆ. ಗೆಳೆಯರೊಡನೆ ಅದರಲ್ಲಿ ನಡೆದಾಗ ಹೆಚ್ಚಿನ ಲೆಕ್ಕಾಚಾರ ಬೇಡಿದ್ದು, ಫ್ರಾನ್ಸಿನ ಕ್ರುವಾ ದು ಬೊನೊಮ್ ತಂಗುಮನೆಯಿಂದ ಗಡಿ ದಾಟಿ ಇಟಲಿಯ ಎಲಿಜಬೆಟ್ಟಾ ತಂಗುಮನೆ ಸೇರಿದ ದಿನ. ಇಂಥ ಚಾರಣದಲ್ಲಿ ಟೆಂಟು ಹೊರಬೇಕಾಗಿಲ್ಲ, ಅಡುಗೆಯ ಚಿಂತೆಯಿಲ್ಲ. ಆದರೆ ಹಾಸಿಗೆ ಕಾಯ್ದಿರಿಸಿದ ಮನೆಯನ್ನು ರಾತ್ರಿಯೂಟದ ಹೊತ್ತಿಗೆ ಮುಟ್ಟಲೇಬೇಕು. ಆದ್ದರಿಂದ ದಿನದ ಯೋಜನೆಯನ್ನು ಗಂಟೆಗಳಲ್ಲಿ, ಅದರಲ್ಲೂ ನಮ್ಮೊಳಗೆ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಗೆಳತಿಯ ವೇಗಕ್ಕೆ ಹೊಂದುವಂತೆ ಹಾಕಿಕೊಂಡೆವು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿ ಸುಮಾರು 15 ಕಿಲೋಮೀಟರ್, ಏರು ಒಟ್ಟು 950 ಮೀಟರ್ ಆಸುಪಾಸು; ಸೂತ್ರದ ಪ್ರಕಾರ ನಾಲ್ಕೂವರೆ ಗಂಟೆ ಸಾಕು. ಆದರೆ ಅದರಲ್ಲಿ ವಿಶ್ರಾಂತಿಗೂ ಇಳಿಜಾರಿಗೂ ಲೆಕ್ಕವಿಲ್ಲ, ಆ ದಿನದ ಇಳಿತವೋ ಸುಮಾರು 1,200 ಮೀಟರ್. ಭಾರದ ಚೀಲ ಹೊತ್ತವರಿಗೆ ಏರು ಉಸಿರನ್ನು ಮಾತ್ರ ಕೇಳುತ್ತದೆ, ಇಳಿಜಾರು ಮಂಡಿಯನ್ನೇ ಕೇಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೀಗಾಗಿ ಎಂಟು ಗಂಟೆ ಇಟ್ಟುಕೊಂಡು ಬೆಳಗ್ಗೆ ಏಳಕ್ಕೆ ಹೊರಟೆವು. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಇಳಿಜಾರುಗಳಿಂದ ಗಾಳಿ ಮೇಲೇರಿ, ಮಧ್ಯಾಹ್ನ ಕಳೆದಂತೆ ಗುಡುಗು ಸಿಡಿಲಿನ ಮೋಡಗಳು ಕಟ್ಟುವುದು ಅಲ್ಲಿ ಸಾಮಾನ್ಯ. ಅಷ್ಟರೊಳಗೆ ಎತ್ತರದ ಜಾಗಗಳನ್ನು ದಾಟಿರಬೇಕು.

ಮುಖ್ಯ ದಾರಿ ಲೆ ಶಾಪಿಯೂ ಹಳ್ಳಿಗೆ ಇಳಿಯುತ್ತದೆ. ನಾವು ಹಿಡಿದದ್ದು 2,665 ಮೀಟರ್ ಎತ್ತರದ ಕೋಲ್ ದೆ ಫೂರ್ (‘ಕೋಲ್’ ಎಂದರೆ ಬೆಟ್ಟಸಾಲನ್ನು ದಾಟುವ ತಗ್ಗಿನ ಜಾಗ) ಮೇಲಿನ ಒಳದಾರಿ. ಮಂಜು ಮುಸುಕಿದ್ದರೆ ಅಥವಾ ಹಿಮ ಹೆಚ್ಚಾಗಿದ್ದರೆ ಅದನ್ನು ಹಿಡಿಯಬಾರದು. ಹಿಂದಿನ ಸಂಜೆಯೇ ತಂಗುಮನೆಯ ಮೇಲ್ವಿಚಾರಕರನ್ನು ಕೇಳಿ, ಆಕಾಶ ಶುಭ್ರವಾಗಿರುತ್ತದೆ ಎಂದು ಖಚಿತಪಡಿಸಿಕೊಂಡಿದ್ದೆವು. ಆಚೆ ಬದಿಯಲ್ಲಿ ರಾತ್ರಿ ಗಟ್ಟಿಯಾದ ಹಿಮದ ಪಟ್ಟಿಯೊಂದು ಉಳಿದಿತ್ತು. ಮುಂದಿದ್ದವರು ಹಿಮ್ಮಡಿಯನ್ನು ಬಲವಾಗಿ ಊರಿ, ಪಾದ ಹಿಡಿಯುವಷ್ಟು ಗುಳಿ ಮಾಡಿ, ಭಾರವನ್ನು ಅದರ ಮೇಲೆ ಬಿಟ್ಟು ನೋಡಿದ ನಂತರವೇ ಇನ್ನೊಂದು ಕಾಲು ಎತ್ತುತ್ತಿದ್ದರು. ಹಿಂದಿನವರು ಅದೇ ಗುಳಿಗಳಲ್ಲಿ ಕಾಲಿಟ್ಟರು. ಅದು ಮುಗಿದೊಡನೆ ಕಪ್ಪು ಪದರುಗಲ್ಲಿನ ಸಡಿಲ ನೆಲ. ಅಲ್ಲಿ ಊರುಗೋಲುಗಳನ್ನು ಒಂದಿಷ್ಟು ಉದ್ದ ಮಾಡಿಕೊಂಡು, ಹೆಜ್ಜೆ ಚಿಕ್ಕದಾಗಿಸಿ ಇಳಿದೆವು.

ನಿಧಾನವಾಗಿ ನಡೆಯುವವರನ್ನು ಸಾಲಿನ ಕೊನೆಗೆ ಬಿಡಬಾರದು. ಮುಂದೆ ಹೋದವರು ಕಾಯುತ್ತಾ ದಣಿವಾರಿಸಿಕೊಂಡಿರುತ್ತಾರೆ, ಕೊನೆಯವರು ಬಂದ ಕೂಡಲೇ ಎದ್ದುಬಿಡುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೇ ಅದು ಸಿಗದೆ ಹೋಗುತ್ತದೆ. ಗೆಳತಿಯನ್ನು ಎರಡನೆಯ ಸ್ಥಾನದಲ್ಲಿ ನಡೆಸಿದಾಗ ಮುಂದಿನವರ ಕಿವಿಗೆ ಆಕೆಯ ಉಸಿರು ಕೇಳಿಸುತ್ತಿತ್ತು, ಮಾತು ನಿಂತಿತೆಂದರೆ ವೇಗ ತಗ್ಗಿಸುತ್ತಿದ್ದರು. ದಾರಿ ಕವಲೊಡೆಯುವ ಪ್ರತಿಯೊಂದು ಕಡೆ ಎಲ್ಲರೂ ಒಟ್ಟುಗೂಡದೆ ಯಾರೂ ಮುಂದಕ್ಕೆ ಹೋಗಬಾರದು ಎಂಬುದೊಂದೇ ನಮ್ಮ ನಿಯಮವಾಗಿತ್ತು.

ಕೆಳಗಿನ ಕಣಿವೆಯ ಪುಟ್ಟ ಹಳ್ಳಿ ವಿಲ್ ದೆ ಗ್ಲಾಸಿಯೆ ತಲುಪಿದಾಗ ಹತ್ತು ಗಂಟೆ ದಾಟಿತ್ತು. ಮೋತೆ ತಂಗುಮನೆಯಲ್ಲಿ ನೀರು ತುಂಬಿಸಿಕೊಂಡು, ಬಿಸಿಲೇರುವ ಹೊತ್ತಿನಲ್ಲಿ ಅಂಕುಡೊಂಕಾದ ಏರನ್ನು ನಿಲ್ಲದೆ, ಆದರೆ ಆತುರವಿಲ್ಲದೆ ಹತ್ತಿದೆವು. 2,516 ಮೀಟರ್ ಎತ್ತರದ ಕೋಲ್ ದ ಲಾ ಸೆಯ್ನ್ಯ್ ಎರಡು ದೇಶಗಳ ಗಡಿ. ಅಲ್ಲಿ ನಿಂತರೆ ಮೌಂಟ್ ಬ್ಲಾಂಕ್‌ನ ಇಟಲಿಯ ಮುಖ ಒಮ್ಮೆಗೇ ತೆರೆದುಕೊಳ್ಳುತ್ತದೆ; ಫ್ರಾನ್ಸಿನ ಕಡೆಯಿಂದ ಬೆಳ್ಳಗೆ, ದುಂಡಗೆ ಕಾಣುವ ಪರ್ವತ ಇಲ್ಲಿ ಕಡಿದಾದ ಬಂಡೆಗಳಿಂದಲೂ ಚೂಪಾದ ಶಿಖರಗಳಿಂದಲೂ ಎದ್ದಿದೆ. ಗಾಳಿ ಚಳಿಯಾಗಿದ್ದರೂ ಅರ್ಧ ಗಂಟೆ ಕೂತೆವು.

ಹಳೆಯ ಸುಂಕದ ಕಟ್ಟೆಯ ಕಟ್ಟಡದ ಪಕ್ಕದಿಂದ ಇಳಿದು ಮೂರು ಗಂಟೆಯೊಳಗೆ ಎಲಿಜಬೆಟ್ಟಾ ಸೇರಿ, ಬೂಟುಗಳನ್ನು ಬಾಗಿಲ ಬಳಿಯ ಹಲಗೆಯ ಮೇಲಿಟ್ಟು, ಒದ್ದೆ ಕಾಲುಚೀಲಗಳನ್ನು ಒಣಗಲು ಹರವಿದೆವು. ಗೆಳತಿಯ ಮಂಡಿ ಸ್ವಲ್ಪ ಊದಿತ್ತು. ಊಟಕ್ಕೆ ಮೊದಲೇ ನಕ್ಷೆ ಬಿಡಿಸಿ, ಮರುದಿನ ಎತ್ತರದ ಏಣನ್ನು ಬಿಟ್ಟು ವಾಲ್ ವೆನಿ ಕಣಿವೆಯ ರಸ್ತೆಯಲ್ಲೇ ಕೂರ್ಮಯೂರ್ ಪಟ್ಟಣಕ್ಕೆ ಇಳಿಯುವುದೆಂದು ಎಲ್ಲರೂ ಒಪ್ಪಿದೆವು.