ಉಪ್ಪಿನ ಪ್ರಿಂಟ್‌ಗೆ ಚಿನ್ನದ ನೀರು

ನಮ್ಮಪ್ಪ ಅಕ್ಕಸಾಲಿ. ಕಾಗದಕ್ಕೆ ಉಪ್ಪುನೀರು, ಆಮೇಲೆ ಸಿಲ್ವರ್ ನೈಟ್ರೇಟ್ ಬಳಿದು ತಾರಸಿ ಬಿಸಿಲಲ್ಲಿ ಫೋಟೊ ಮಾಡುತ್ತೇನೆ ಅಂದಾಗ ಸುಮ್ನಿದ್ದರು. ಅದಕ್ಕೆ ಚಿನ್ನ ಬೇಕು ಅಂದಾಗ ಮಾತ್ರ ತಲೆ ಎತ್ತಿ, "ಎಷ್ಟು?" ಅಂದರು.

ಲೆಕ್ಕ ಹೇಳಿದೆ. 8×10 ಇಂಚಿನ ಪ್ರಿಂಟ್‌ಗೆ 1% ಗೋಲ್ಡ್ ಕ್ಲೋರೈಡ್ ದ್ರಾವಣ ಸುಮಾರು 4 ಮಿ.ಲೀ. ಗೋಲ್ಡ್ ಕ್ಲೋರೈಡ್ ತೂಕದಲ್ಲಿ ಚಿನ್ನ ಅರ್ಧದಷ್ಟು. ಅಂದರೆ 20 ಮಿಲಿಗ್ರಾಂ. ಒಂದು ಗುಲಗಂಜಿ ತೂಕದಲ್ಲಿ ಆರು ಫೋಟೊ. ಅಪ್ಪನ ಮುಖ ಸಡಿಲಾಯಿತು.

ಚಿನ್ನ ಯಾಕೆ ಅಂದರೆ, ಬರೀ ಬೆಳ್ಳಿಯ ಚಿತ್ರ ಇಟ್ಟಿಟ್ಟು ಮಾಸುತ್ತದೆ. ಚಿನ್ನ ಕೂತರೆ ತಡೆಯುತ್ತದೆ. ಇಟ್ಟಿಗೆ ಕೆಂಪು ಹೋಗಿ ನೇರಳೆ ಕಡೆಗೆ ತಿರುಗುತ್ತದೆ. ಆದರೆ ಒಂದು ಚಿನ್ನದ ಪರಮಾಣು ಕೂರಲು ಮೂರು ಬೆಳ್ಳಿ ಪರಮಾಣು ಜಾಗ ಬಿಡಬೇಕು. ಆಮೇಲೆ ಹೈಪೊದಲ್ಲೂ, ಅಂದರೆ ಬೆಳಕು ತಾಗದೆ ಉಳಿದ ಬೆಳ್ಳಿ ಉಪ್ಪನ್ನು ಕರಗಿಸಿ ತೆಗೆಯುವ ದ್ರಾವಣದಲ್ಲೂ, ಚಿತ್ರ ತಿಳಿಯಾಗುತ್ತದೆ. ಹಾಗಾಗಿ ಬಿಸಿಲಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಕಪ್ಪು ಮಾಡಿಕೊಳ್ಳಿ.

ಟೋನರ್, ಅಂದರೆ ಚಿತ್ರಕ್ಕೆ ಚಿನ್ನ ಕೂರಿಸುವ ದ್ರಾವಣ, ಸುಲಭ. 400 ಮಿ.ಲೀ. ಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ಗೆ 3 ಗ್ರಾಂ ಬಿಳಿಗಾರ ಕರಗಿಸಿ, 12 ಮಿ.ಲೀ. ಗೋಲ್ಡ್ ಕ್ಲೋರೈಡ್ ದ್ರಾವಣ ಸೇರಿಸಿ, ಒಂದು ಗಂಟೆ ಬಿಡಿ. ಬಿಳಿಗಾರ ಅಂದರೆ ಬೋರಾಕ್ಸ್. ಅಪ್ಪ ಬೆಸುಗೆಗೆ ಹಾಕುವುದೂ ಅದನ್ನೇ. ನನ್ನ ಸಾಮಾನಿನಲ್ಲಿ ಅವರಿಗೆ ಗುರುತು ಸಿಕ್ಕಿದ್ದು ಅದೊಂದೇ.

ಎಡವುವುದು ತೊಳೆಯುವಾಗ. ನೆಗೆಟಿವ್ ಜೊತೆ ಬಿಸಿಲಿಗಿಟ್ಟ ಚೌಕಟ್ಟಿನಿಂದ ತೆಗೆದ ಪ್ರಿಂಟನ್ನು ಮಬ್ಬು ಬೆಳಕಲ್ಲೇ ನೀರಿಗೆ ಹಾಕಿ. ನೀರಿಗೆ ಚಿಟಿಕೆ ಉಪ್ಪು ಇರಲಿ. ಕಾಗದದಲ್ಲಿ ಸಿಲ್ವರ್ ನೈಟ್ರೇಟ್ ಉಳಿದಿದ್ದರೆ ನೀರು ಮಜ್ಜಿಗೆ ತಿಳಿಯ ಹಾಗೆ ಬೆಳ್ಳಗಾಗುತ್ತದೆ. ತಿಳಿಯಾಗುವ ತನಕ ನೀರು ಬದಲಿಸುತ್ತಲೇ ಇರಿ. ಅವಸರ ಮಾಡಿದರೆ ಟೋನರ್ ಕೆಡುತ್ತದೆ, ಚಿನ್ನ ದಂಡ.

ಈಗ ಟೋನಿಂಗ್. ಪ್ಲಾಸ್ಟಿಕ್ ಟ್ರೇ, ಪ್ಲಾಸ್ಟಿಕ್ ಚಿಮ್ಮಟ ಮಾತ್ರ. ಮೊದಲ ಸಲ ನಾನು ಅಟ್ಟದ ಮೇಲಿದ್ದ ಹಳೇ ಎನಾಮೆಲ್ ತಟ್ಟೆ ಇಳಿಸಿದ್ದೆ. ಮೂಲೆಯಲ್ಲಿ ಕಾಸಗಲ ಚಕ್ಕೆ ಎದ್ದು ಕಬ್ಬಿಣ ಕಾಣುತ್ತಿತ್ತು. ಪ್ರಿಂಟ್ ಹತ್ತು ನಿಮಿಷವಾದರೂ ಕೆಂಪಗೇ ಇತ್ತು, ಚಕ್ಕೆ ಎದ್ದ ಜಾಗ ಮಾತ್ರ ಕಪ್ಪಾಯಿತು. ಚಿನ್ನವೆಲ್ಲ ಕಬ್ಬಿಣಕ್ಕೆ ಹೋಗಿ ಕೂತಿತ್ತು! ಅಕ್ಕಸಾಲಿ ಮಗಳು ತಟ್ಟೆಗೆ ಚಿನ್ನದ ನೀರು ಹಾಕಿದ್ದಳು. ಅಪ್ಪ ಅದನ್ನು ಎಸೆಯಲು ಬಿಟ್ಟಿಲ್ಲ.

ಪ್ರಿಂಟ್ ಮುಳುಗಿಸಿ ಟ್ರೇ ಅಲ್ಲಾಡಿಸುತ್ತಿರಿ. ಎರಡು ಮೂರು ನಿಮಿಷ ಏನೂ ಆಗದ ಹಾಗಿರುತ್ತದೆ. ಆಮೇಲೆ ತಿಳಿ ಭಾಗಗಳಲ್ಲಿ, ಸೀರೆಯ ಮಡಿಕೆ, ಕೆನ್ನೆ ಅಂಥ ಕಡೆ, ಕೆಂಪು ಮೆಲ್ಲಗೆ ಕರಗುತ್ತದೆ. ಕಂದು, ನೇರಳೆ ಕಂದು, ನೇರಳೆ. ಇನ್ನೂ ಬಿಟ್ಟರೆ ತಣ್ಣನೆಯ ನೀಲಿ ಬೂದು. ನನಗೆ ಮಾಗಿದ ನೇರಳೆ ಹಣ್ಣಿನ ಸಿಪ್ಪೆಯ ಬಣ್ಣ ಇಷ್ಟ. ನೀಲಿಗೆ ಹೋದ ಮುಖ ಚಳಿ ಹಿಡಿದವರ ಹಾಗೆ ಕಾಣುತ್ತದೆ, ಅಲ್ವಾ? ಒಣಗಿದ ಮೇಲೆ ಬಣ್ಣ ಬದಲಾಗುವುದರಿಂದ ಬೇಕಾದ ಬಣ್ಣಕ್ಕೆ ಸ್ವಲ್ಪ ಮೊದಲೇ ತೆಗೆದುಬಿಡಿ.

ನೀರಲ್ಲಿ ಅದ್ದಿ ತೆಗೆದು, 15% ಹೈಪೊ ಎರಡು ಟ್ರೇಯಲ್ಲಿ ನಾಲ್ಕು ನಾಲ್ಕು ನಿಮಿಷ ಇಡಿ. ಆಮೇಲೆ ಅರ್ಧ ಗಂಟೆಗೂ ಜಾಸ್ತಿ ಹರಿಯುವ ನೀರು. ಕೈಗವಸು ಮರೆಯಬೇಡಿ. ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ ವಾರವಾದರೂ ಹೋಗುವುದಿಲ್ಲ. ಟೋನರ್ ಚೆಲ್ಲದೆ ಗಾಜಿನ ಬಾಟಲಿಗೆ ಸೋಸಿಡಿ. ಪ್ರತಿ ಪ್ರಿಂಟ್‌ಗೂ 4 ಮಿ.ಲೀ. ಚಿನ್ನದ ದ್ರಾವಣ ಸೇರಿಸಿದರೆ ಮುಂದಿನ ಭಾನುವಾರಕ್ಕೂ ಆಗುತ್ತದೆ.