ಸೆವಿಲ್‌ನಲ್ಲಿ ಇಬ್ಬರೇ ನಾಲ್ಕು ದಿನ: ಹೊಟ್ಟೆ ತುಂಬ, ಕಾಲು ಸೋಲದಂತೆ

ಸ್ಪೇನ್ ಸುತ್ತಿ ಬಂದ ನಮ್ಮವರನ್ನು ಊಟದ ಬಗ್ಗೆ ಕೇಳಿ ನೋಡಿ, ಮುಖ ಕಿವುಚುವವರೇ ಹೆಚ್ಚು. ಸಂಜೆ ಏಳಕ್ಕೆ ಹಸಿದು ಹೊರಟರಂತೆ, ಒಂದು ಅಡುಗೆಮನೆಯೂ ತೆರೆದಿರಲಿಲ್ಲವಂತೆ. ತೆರೆದಿದ್ದ ಒಂದೇ ಒಂದು ಕಡೆ ಫೋಟೊ ತೋರಿಸಿ ಕೊಟ್ಟ ಹಳದಿ ಅನ್ನ ನಡುವೆ ಇನ್ನೂ ತಣ್ಣಗಿತ್ತಂತೆ. ಕೊನೆಗೆ ರೂಮಿನಲ್ಲಿ ನೀರು ಕಾಯಿಸಿ ಪೊಟ್ಟಣದ ಉಪ್ಪಿಟ್ಟು ತಿಂದು ಮಲಗಿದರಂತೆ. ತಿನ್ನುವುದಕ್ಕೆಂದೇ ಊರಿಗೆ ಊರೇ ಬೀದಿಗಿಳಿಯುವ ಸೆವಿಲ್‌ನಲ್ಲಿ ಈ ಗತಿ! ಕೈಗೆ ನಮ್ಮೂರ ಗಡಿಯಾರ ಕಟ್ಟಿಕೊಂಡು ಅಲ್ಲಿ ತಿರುಗಿದರೆ ಆಗುವುದೇ ಹೀಗೆ. ಗಂಡ ಹೆಂಡತಿ ಇಬ್ಬರೇ ಹೋಗಿ, ಜಗಳವಾಡದೆ, ಚೆನ್ನಾಗಿ ತಿಂದು ಬರುವ ಕ್ರಮ ಇಲ್ಲಿದೆ.

ಹಂತ 1: ಒಂದೇ ಊರು

ಏಳು ದಿನದಲ್ಲಿ ಮ್ಯಾಡ್ರಿಡ್, ಬಾರ್ಸಿಲೋನಾ, ಗ್ರನಾಡಾ, ಸೆವಿಲ್ ಎಂದು ಪಟ್ಟಿ ಮಾಡುವ ಪ್ಯಾಕೇಜನ್ನು ಪಕ್ಕಕ್ಕಿಡಿ. ಅದರಲ್ಲಿ ನೀವು ನೋಡುವುದು ಬಸ್ಸಿನ ಕಿಟಕಿ ಮತ್ತು ಸೂಟ್‌ಕೇಸಿನ ಜಿಪ್. ಮ್ಯಾಡ್ರಿಡ್‌ನಲ್ಲಿ ಇಳಿದು, ಅತೋಚ ನಿಲ್ದಾಣದಿಂದ ವೇಗದ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಸೆವಿಲ್‌ನ ಸಾಂತಾ ಹುಸ್ತಾ ನಿಲ್ದಾಣ. 1992ರಲ್ಲಿ ಸ್ಪೇನ್ ಹಾಕಿದ ಮೊದಲ ಅತಿವೇಗದ ಮಾರ್ಗ ಇದೇ. ಅಲ್ಲೇ ನಾಲ್ಕು ರಾತ್ರಿ ಇದ್ದುಬಿಡಿ.

ಮಾರ್ಚ್‌ನಿಂದ ಮೇ, ಇಲ್ಲವೇ ಅಕ್ಟೋಬರ್ ಮತ್ತು ನವೆಂಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ರಾಯಚೂರಿನವರೂ ಸೋಲುತ್ತಾರೆ. ಈಸ್ಟರ್‌ಗೆ ಮುಂಚಿನ ವಾರ ಮತ್ತು ಈಸ್ಟರ್ ಆಗಿ ಸುಮಾರು ಎರಡು ವಾರಕ್ಕೆ ಬರುವ ವಸಂತದ ಜಾತ್ರೆ ನೋಡಲು ಸೊಗಸು, ಆದರೆ ರೂಮಿನ ಬಾಡಿಗೆ ಗಗನಕ್ಕೇರುತ್ತದೆ, ಮೆರವಣಿಗೆಗೆ ದಾರಿಗಳೂ ಮುಚ್ಚಿರುತ್ತವೆ. ನಿಧಾನವೇ ಉದ್ದೇಶವಾದರೆ ಆ ಎರಡು ವಾರ ತಪ್ಪಿಸಿ.

ವೀಸಾಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಈ ಶೆಂಗೆನ್ ವೀಸಾದ ಶುಲ್ಕ 90 ಯೂರೊ, ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು ಇರಬೇಕು. ಉಳಿದದ್ದನ್ನು ಅವರ ಪಟ್ಟಿ ನೋಡಿ ಜೋಡಿಸಿಕೊಳ್ಳಿ, ಅದರಲ್ಲಿ ವಿದ್ಯೆಯೇನಿಲ್ಲ.

ಹಂತ 2: ರೂಮು

ಸಾಂತಾ ಕ್ರೂಸ್ ಬಡಾವಣೆಯ ಹೂಕುಂಡಗಳ ಫೋಟೊ ನೋಡಿ ಎಲ್ಲರೂ ಅಲ್ಲೇ ರೂಮು ಹಿಡಿಯುತ್ತಾರೆ. ಆ ಓಣಿಗಳಲ್ಲಿ ಹಲವಕ್ಕೆ ಟ್ಯಾಕ್ಸಿ ನುಗ್ಗುವುದಿಲ್ಲ. ಕಲ್ಲುಹಾಸಿನ ಮೇಲೆ ಇಪ್ಪತ್ತೈದು ಕಿಲೊ ಸೂಟ್‌ಕೇಸ್ ಎಳೆಯುತ್ತ, ಮ್ಯಾಪಿನ ನೀಲಿ ಚುಕ್ಕೆ ದಿಕ್ಕು ತಪ್ಪಿದಾಗ ಪ್ರವಾಸದ ಮೊದಲ ಜಗಳ ಶುರುವಾಗುತ್ತದೆ. ಅಲ್ಫಾಲ್ಫಾ ಅಥವಾ ಎಂಕಾರ್ನಾಸಿಯೋನ್ ಚೌಕದ ಆಸುಪಾಸು ನೋಡಿ, ಇಲ್ಲವೇ ನದಿಯಾಚೆಯ ತ್ರಿಯಾನಾ. ಬೆಳಗಿನ ತಿಂಡಿ ಸೇರಿಸಿದ ರೂಮು ಬೇಡವೇ ಬೇಡ. ಹೋಟೆಲಿನ ತಣ್ಣನೆಯ ಬಫೆಗೆ ಕೊಡುವ ದುಡ್ಡಿನಲ್ಲಿ ಬೀದಿ ಮೂಲೆಯ ಬಾರಿನಲ್ಲಿ ಇಬ್ಬರೂ ಕಾಫಿ ಕುಡಿದು, ಟೊಮೆಟೊ ಮತ್ತು ಆಲಿವ್ ಎಣ್ಣೆ ಹಾಕಿದ ಸುಟ್ಟ ಬ್ರೆಡ್ ತಿನ್ನಬಹುದು. ಆ ಕೌಂಟರಿನಲ್ಲಿ ಕಿತ್ತಳೆ ಬಣ್ಣದ, ಬೆಣ್ಣೆಯಂತೆ ಹಚ್ಚುವ ಒಂದು ಪದಾರ್ಥವೂ ಇರುತ್ತದೆ, ಹೆಸರು ಮಾಂತೇಕಾ ಕೊಲೊರಾ. ಅದು ಹಂದಿ ಕೊಬ್ಬು. ಸಸ್ಯಾಹಾರಿಗಳು ಬೆರಳಿಟ್ಟು ಟೊಮೆಟೊ ತೋರಿಸಿ.

ಹಂತ 3: ಗಡಿಯಾರ ಬದಲಿಸಿ

ಸೆವಿಲ್ ಇರುವುದು ಲಂಡನ್ನಿಗಿಂತ ಪಶ್ಚಿಮಕ್ಕೆ. ಗಡಿಯಾರ ಮಾತ್ರ ಬರ್ಲಿನ್ನಿನದು. 1940ರಲ್ಲಿ ಫ್ರಾಂಕೊ ಸರ್ಕಾರ ಮುಳ್ಳು ಒಂದು ಗಂಟೆ ಮುಂದಕ್ಕೆ ತಿರುಗಿಸಿತು, ಮತ್ತೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತೂವರೆ ದಾಟಿದ ಮೇಲೆ. ಮಧ್ಯಾಹ್ನದ ಊಟ ಎರಡಕ್ಕೆ, ರಾತ್ರಿಯದು ಒಂಬತ್ತಕ್ಕೆ. ನಾಲ್ಕರಿಂದ ಎಂಟರವರೆಗೆ ಬಹುತೇಕ ಅಡುಗೆಮನೆಗಳು ಬಂದ್, ಸಣ್ಣ ಅಂಗಡಿಗಳೂ ಮಧ್ಯಾಹ್ನ ಬಾಗಿಲೆಳೆಯುತ್ತವೆ.

ಹಾಗಾಗಿ ದಿನ ಹೀಗಿರಲಿ. ಒಂಬತ್ತಕ್ಕೆ ತಿಂಡಿ, ನಂತರ ಒಂದೇ ಒಂದು ದೊಡ್ಡ ಸ್ಥಳ. ಎರಡು ಗಂಟೆಗೆ ಕೂತು ಭರ್ತಿ ಊಟ. ವಾರದ ದಿನಗಳಲ್ಲಿ 'ಮೆನು ದೆಲ್ ದಿಯಾ' ಎಂಬ ದಿನದೂಟ ಸಿಗುತ್ತದೆ: ಎರಡು ಬಗೆ, ಬ್ರೆಡ್, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲ ಒಂದೇ ದರಕ್ಕೆ. ಮೂರೂವರೆಗೆ ರೂಮಿಗೆ ಬಂದು ಮಲಗಿ. 'ದುಡ್ಡು ಕೊಟ್ಟು ಇಷ್ಟು ದೂರ ಬಂದು ನಿದ್ದೆಯೇ?' ಎಂದು ಗೊಣಗುವ ಸಂಗಾತಿಯನ್ನು ಮೊದಲ ದಿನ ಬಲವಂತವಾಗಿ ಮಲಗಿಸಿ. ಎರಡನೆಯ ದಿನ ತಾವಾಗಿಯೇ ಪರದೆ ಎಳೆಯುತ್ತಾರೆ. ಆರೂವರೆಗೆ ಎದ್ದು, ಕಾಫಿ ಕುಡಿದು, ನದಿದಂಡೆಯಲ್ಲಿ ಅಡ್ಡಾಡಿ. ಎಂಟೂವರೆಗೆ ಮುಖ್ಯ ಕೆಲಸ.

ಹಂತ 4: ತಾಪಾಸ್, ಎಡವುವುದು ಇಲ್ಲೇ

ತಾಪಾಸ್ ಎಂದರೆ ಬಾರುಗಳಲ್ಲಿ ಕುಡಿಯುವುದರ ಜೊತೆ ಸಣ್ಣ ತಟ್ಟೆಗಳಲ್ಲಿ ಕೊಡುವ ತಿನಿಸು. ನಮ್ಮವರು ಮಾಡುವ ಮೊದಲ ತಪ್ಪು ಕೂರುವುದು. ಹೊರಗಿನ ಮೇಜು ಹಿಡಿದು, ಮೆನು ಪೂರ್ತಿ ಓದಿ, ಎಂಟು ಬಗೆ ಒಟ್ಟಿಗೆ ಹೇಳುತ್ತಾರೆ. ಮೇಜು ತುಂಬುತ್ತದೆ, ಎಲ್ಲ ಆರುತ್ತದೆ. ಬಿಲ್ಲೂ ದಪ್ಪವಾಗುತ್ತದೆ, ಏಕೆಂದರೆ ಹಲವು ಕಡೆ ಹೊರಗಿನ ಮೇಜಿಗೆ ಬೇರೆಯೇ ದರ. ಅಲ್ಲಿಯವರು ಒಳಗೆ ಹೋಗಿ ಕೌಂಟರಿಗೆ ಒರಗಿ ನಿಲ್ಲುತ್ತಾರೆ. ನೀವೂ ನಿಲ್ಲಿ.

ಒಳಗೆ ಕಾಲಿಡುತ್ತಲೇ 'ಓಲಾ' ಎನ್ನಿ. ಕೌಂಟರಿನಲ್ಲಿ ಒಂದು ಮೊಳ ಜಾಗ ಕಂಡರೆ ಒಬ್ಬರು ಮೊಣಕೈ ಊರಿ, ಇನ್ನೊಬ್ಬರು ಹಿಂದೆ ಇರಿ. ಕೈ ಬೀಸಬೇಡಿ, ಚಪ್ಪಾಳೆಯಂತೂ ಬೇಡ. ಕೌಂಟರಿನಾಚೆಯವನ ಕಣ್ಣು ನಿಮ್ಮ ಕಣ್ಣಿಗೆ ಸಿಕ್ಕಾಗ ಮೊದಲು ಕುಡಿಯುವುದನ್ನು ಹೇಳಿ. ಬಿಯರ್ ಆದರೆ 'ಕಾನ್ಯಾ', ಎಂದರೆ ಸಣ್ಣ ಲೋಟ. ದೊಡ್ಡದು ಹೇಳಿದರೆ ಅರ್ಧಕ್ಕೇ ಬೆಚ್ಚಗಾಗುತ್ತದೆ. ಸಾಂಗ್ರಿಯಾ ಬೇಡ. ಜಗ್‌ನಲ್ಲಿ ಹಣ್ಣಿನ ಚೂರು ತೇಲಿಸಿ ಪ್ರವಾಸಿಗರಿಗೆ ಮಾರುವ ಆ ಸಿಹಿ ನೀರಿನ ಬದಲು 'ತಿಂತೊ ದೆ ವೆರಾನೊ' ಕೇಳಿ. ಕೆಂಪು ವೈನಿಗೆ ನಿಂಬೆ ಸೋಡಾ ಬೆರೆಸಿದ್ದು, ಊರಿನವರು ಕುಡಿಯುವುದು ಅದನ್ನೇ. ಮದ್ಯ ಬೇಡದವರಿಗೆ ಮೊಸ್ತೊ ಎಂಬ ದ್ರಾಕ್ಷಿ ರಸ ಇದೆ, ಆದರೆ ಸೆವಿಲ್ ಸುತ್ತ ಅದೇ ಹೆಸರಿನಲ್ಲಿ ಹೊಸ ವೈನನ್ನೂ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ. ನೀರಿಗೆ 'ಆಗ್ವಾ ದೆಲ್ ಗ್ರಿಫೊ' ಎಂದರೆ ನಲ್ಲಿ ನೀರು ಪುಕ್ಕಟೆ ಕೊಡುತ್ತಾರೆ. 2022ರ ಕಾನೂನಿನ ಪ್ರಕಾರ ಕೊಡಲೇಬೇಕು.

ತಿನ್ನುವುದಕ್ಕೆ ಒಮ್ಮೆಗೆ ಎರಡೇ ತಟ್ಟೆ. ಒಂದೇ ಪದಾರ್ಥ ಮೂರು ಅಳತೆಯಲ್ಲಿ ಬರುತ್ತದೆ: ತಾಪಾ ಚಿಕ್ಕದು, ಮೇದಿಯಾ ಅರ್ಧ, ರಾಸಿಯೋನ್ ಪೂರ್ತಿ. ಅಳತೆ ಹೇಳದೆ ಸುಮ್ಮನಿದ್ದರೆ ಕೆಲವು ಕಡೆ ಪೂರ್ತಿಯೇ ಬಂದು ಕೂರುತ್ತದೆ, ಆದ್ದರಿಂದ 'ಉನಾ ತಾಪಾ' ಎಂದು ಬಿಡಿಸಿ ಹೇಳಿ. ಎರಡು ತಟ್ಟೆ ಮುಗಿದ ಮೇಲೆ ದುಡ್ಡು ಕೊಟ್ಟು ಮುಂದಿನ ಬಾರ್‌ಗೆ ನಡೆಯಿರಿ. ಒಂದು ರಾತ್ರಿಗೆ ಮೂರು ಬಾರು ಧಾರಾಳ. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟರೆ ಸಾಕು. ಆರಂಭಕ್ಕೆ ಎಲ್ ರಿಂಕೊನ್‌ಸಿಯೊ ಒಳ್ಳೆಯದು, 1670ರಿಂದ ಇದೆ. ನೀವು ತಿಂದದ್ದರ ಲೆಕ್ಕವನ್ನು ಕರಿ ಮರದ ಕೌಂಟರಿನ ಮೇಲೆ, ನಿಮ್ಮ ಮೊಣಕೈ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ದುಡ್ಡು ಕೊಟ್ಟ ಮೇಲೆ ಒರೆಸಿಬಿಡುತ್ತಾರೆ. ತೋಳು ತಾಗಿಸಿ ಅಳಿಸಬೇಡಿ.

ಈಗ ಸಸ್ಯಾಹಾರಿಗಳ ಪಾಡು. 'ಮಾಂಸ ಬೇಡ' ಎಂದರೆ ಸಾಕು ಅಂದುಕೊಳ್ಳುವುದು ದೊಡ್ಡ ಎಡವಟ್ಟು. ಅಲ್ಲಿ ಅನೇಕರ ಲೆಕ್ಕದಲ್ಲಿ ಹಮೋನ್, ಅಂದರೆ ಒಣಗಿಸಿದ ಹಂದಿ ತೊಡೆಯ ಚೂರು, ಮಾಂಸದ ಪಟ್ಟಿಗೇ ಸೇರುವುದಿಲ್ಲ. ಟ್ಯೂನಾ ಮೀನೂ ಅಷ್ಟೇ. ಸಲಾಡ್ ಕೇಳಿದರೆ ಮೇಲೆ ಟ್ಯೂನಾ ಉದುರಿರುತ್ತದೆ, ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು ಬಿದ್ದಿರುತ್ತದೆ. ಈ ವಾಕ್ಯವನ್ನು ಇಬ್ಬರೂ ಬಾಯಿಪಾಠ ಮಾಡಿ: 'ನೊ ಕೊಮೇಮೊಸ್ ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್.' ಮಾಂಸ, ಮೀನು, ಹಮೋನ್ ಯಾವುದನ್ನೂ ನಾವು ತಿನ್ನುವುದಿಲ್ಲ ಎಂದರ್ಥ. ಮೊಟ್ಟೆಯೂ ಬೇಡವೆಂದರೆ ಕೊನೆಗೆ 'ನಿ ವೇವೊ' ಸೇರಿಸಿ.

ಇಷ್ಟು ಹೇಳಿದ ಮೇಲೆ ಕೈಗೆ ಸಿಗುವುದು ಕಡಿಮೆಯೇನಲ್ಲ. ಎಸ್ಪಿನಾಕಾಸ್ ಕೊನ್ ಗರ್ಬಾಂಸೊಸ್ ಸೆವಿಲ್‌ನದೇ ತಿನಿಸು: ಪಾಲಕ್, ಕಾಬೂಲಿ ಕಡಲೆ, ಜೀರಿಗೆ, ಬೆಳ್ಳುಳ್ಳಿ, ಗಟ್ಟಿಯಾಗಲು ಹುರಿದು ಅರೆದ ಬ್ರೆಡ್. ನಾಲಿಗೆಗೆ ತಕ್ಷಣ ಮನೆಯ ನೆನಪಾಗುತ್ತದೆ. ಬದನೆಕಾಯಿ ಕರಿದು ಮೇಲೆ ಕಪ್ಪು ಕಬ್ಬಿನ ಪಾಕ ಹನಿಸಿದ್ದು ಇನ್ನೊಂದು. ಉಪ್ಪು, ಸಿಹಿ ಎರಡೂ ಒಟ್ಟಿಗೆ ಸಿಗುತ್ತದೆ, ಬಿಸಿ ಇರುವಾಗಲೇ ಮುಗಿಸಬೇಕು. ಸಾಲ್ಮೊರೇಹೊ ಎಂಬ ತಣ್ಣನೆಯ ದಪ್ಪ ಟೊಮೆಟೊ ಸೂಪಿನ ಮೇಲೆ ಹಮೋನ್ ಮತ್ತು ಮೊಟ್ಟೆ ಉದುರಿಸುವುದು ವಾಡಿಕೆ, 'ಸಿನ್ ಹಮೋನ್' ಎಂದು ಮೊದಲೇ ಹೇಳಿ. ಬೆಳ್ಳುಳ್ಳಿ ತಿನ್ನದವರಿಗೆ ಮಾತ್ರ ಈ ಊರು ಕಷ್ಟ. ಅಂಥವರು ಅಡುಗೆಮನೆ ಇರುವ ಫ್ಲಾಟ್ ಹಿಡಿಯುವುದೇ ವಾಸಿ.

ಪಾಯೆಯ್ಯಾ ಎಂಬ ಆ ಹಳದಿ ಅನ್ನದ ವಿಷಯ ಇಲ್ಲೇ ಮುಗಿಸಿಬಿಡೋಣ. ಅದು ವಲೆನ್ಸಿಯಾದ ಅಡುಗೆ, ಅದೂ ಮಧ್ಯಾಹ್ನದ್ದು. ಕೆಥೆಡ್ರಲ್ ಸುತ್ತ ಬಣ್ಣದ ಫೋಟೊ ಫಲಕ ನಿಲ್ಲಿಸಿ ರಾತ್ರಿ ಕೊಡುವುದು ಹೆಚ್ಚಾಗಿ ಫ್ರೀಜರಿನ ಸರಕು. ಊಟದ ಫೋಟೊ ನೇತುಹಾಕಿದ ಕಡೆಗೆ, ಬಾಗಿಲಲ್ಲಿ ನಿಂತು ಕೈ ಹಿಡಿದು ಕರೆಯುವ ಕಡೆಗೆ ಹೋಗಲೇಬೇಡಿ.

ಹಂತ 5: ನೋಡುವುದು

ಅಲ್ಕಾಸರ್ ಅರಮನೆಯ ಟಿಕೆಟನ್ನು ಅಧಿಕೃತ ಜಾಲತಾಣದಲ್ಲೇ, ಬೆಳಗಿನ ಮೊದಲ ಹೊತ್ತಿಗೆ ಕಾಯ್ದಿರಿಸಿ. ಪಾಸ್‌ಪೋರ್ಟ್ ಜೊತೆಗಿರಲಿ. ಒಳಗೆ ಹೋದವರು ತೋಟಕ್ಕೆ ಓಡುತ್ತಾರೆ. ನೀವು ಮೊದಲ ಪೇದ್ರೊ ದೊರೆ ಕಟ್ಟಿಸಿದ ಅರಮನೆಯ ಮುಂಬಾಗಿಲ ಎದುರು ಹತ್ತು ನಿಮಿಷ ನಿಲ್ಲಿ. ದೊರೆ ಕ್ರೈಸ್ತ, ಆದರೆ ಬಾಗಿಲ ಮೇಲೆ ನೀಲಿ ಹೆಂಚಿನಲ್ಲಿ ಮತ್ತೆ ಮತ್ತೆ ಬರೆದಿರುವುದು 'ದೇವರಲ್ಲದೆ ಜಯಶಾಲಿ ಬೇರಿಲ್ಲ' ಎಂಬ ಅರಬ್ಬಿ ವಾಕ್ಯ. ಅದರ ಸುತ್ತಲಿನ ಸ್ಪ್ಯಾನಿಷ್ ಬರಹದಲ್ಲಿ 1402 ಎಂಬ ವರ್ಷ ಇದೆ. ಅದು 38 ವರ್ಷ ಮುಂದಿರುವ ಹಳೆಯ ಶಕೆಯ ಲೆಕ್ಕ. ನಮ್ಮ ಎಣಿಕೆಗೆ 1364. ಮುಸ್ಲಿಂ ಕುಶಲಕರ್ಮಿಗಳನ್ನು ಕರೆಸಿ ಅವರ ಕೈಚಳಕದಲ್ಲೇ ಕಟ್ಟಿಸಿದ್ದರ ಗುರುತು ಇದು. ಇದನ್ನು ನೋಡಿಕೊಂಡು ಒಳಗೆ ಹೋದರೆ ಅಂಗಳದ ಒಂದೊಂದು ಕಮಾನೂ ಬೇರೆಯೇ ಕಾಣುತ್ತದೆ. ಅಲ್ಲಿಗೆ ಮೂರು ಗಂಟೆ ಕೊಡಿ, ಆ ದಿನ ಬೇರೇನೂ ಬೇಡ.

ಕೆಥೆಡ್ರಲ್ ಮರುದಿನಕ್ಕೆ. ಸ್ಪೇನಿನ ಹಳೆಯ ನಾಲ್ಕು ರಾಜ್ಯಗಳನ್ನು ಸಂಕೇತಿಸುವ ಪ್ರತಿಮೆಗಳು ಹೊತ್ತ ಕೊಲಂಬಸ್‌ನ ಸಮಾಧಿ ನೋಡಿ, ಹಿರಾಲ್ದಾ ಗೋಪುರ ಹತ್ತಿ. ನೂರು ಮೀಟರಿಗೂ ಎತ್ತರ, ಆದರೂ ಹೆದರಬೇಡಿ: ಹನ್ನೆರಡನೇ ಶತಮಾನದಲ್ಲಿ ಮಸೀದಿಯ ಮಿನಾರಾಗಿ ಎದ್ದ ಇದರೊಳಗೆ ಮೆಟ್ಟಿಲ ಬದಲು 35 ಇಳಿಜಾರುಗಳಿವೆ, ತುದಿಯಲ್ಲಷ್ಟೇ ಕೆಲವು ಮೆಟ್ಟಿಲು. ಹೊರಬಂದಾಗ ರೋಸ್ಮರಿ ಕಡ್ಡಿ ಕೈಗೆ ತುರುಕಲು ಬರುವ ಹೆಂಗಸರಿಂದ ದೂರವಿರಿ. ಕಡ್ಡಿ ಹಿಡಿದರೆ ಅಂಗೈ ಓದುತ್ತಾರೆ, ಓದಿದರೆ ನೋಟು ಕೇಳುತ್ತಾರೆ.

1929ರ ಪ್ರದರ್ಶನಕ್ಕೆ ಕಟ್ಟಿದ ಪ್ಲಾಸಾ ದೆ ಎಸ್ಪಾನ್ಯಾ ಎಂಬ ಚೌಕಕ್ಕೆ ಸಂಜೆ ಹೋಗಿ, ಫೋಟೊ ತೆಗೆದುಕೊಂಡು ಬನ್ನಿ. ಬೀದಿ ಮರಗಳ ಕಿತ್ತಳೆ ಕೀಳಬೇಡಿ, ಅದು ಕಹಿ. ಫ್ಲಮೆಂಕೊ ಎಂಬ ಹಾಡು, ಕುಣಿತದ ಪ್ರದರ್ಶನಕ್ಕೆ ಊಟ ಸೇರಿದ ಟಿಕೆಟ್ ಕೊಳ್ಳಬೇಡಿ. ಊಟವೂ ಚೆನ್ನಾಗಿರುವುದಿಲ್ಲ, ಮುಳ್ಳುಚಮಚದ ಸದ್ದಿನಲ್ಲಿ ಹಾಡೂ ಕೇಳುವುದಿಲ್ಲ. ಮೈಕ್ ಇಲ್ಲದ ಸಣ್ಣ ಕೋಣೆಯ ಒಂದು ಗಂಟೆಯ ಪ್ರದರ್ಶನ ಹುಡುಕಿ, ಮೊದಲ ಸಾಲಿನಲ್ಲಿ ಕೂತು ಕಾಲು ನೋಡಿ.

ಹಂತ 6: ಊರಿಗೆ ಏನು ತರುವುದು

ಬಂಧುಗಳಿಗೆಂದು ಪೊಲ್ವೊರೋನ್, ಮಾಂತೆಕಾದೊ ಎಂಬ ಪುಡಿಪುಡಿ ಸಿಹಿಯ ಡಬ್ಬಿಗಳನ್ನು ರಾಶಿ ಕೊಳ್ಳುವವರಿದ್ದಾರೆ. ಸಾಂಪ್ರದಾಯಿಕ ಬಗೆಯಲ್ಲಿ ಇರುವುದು ಹಂದಿ ಕೊಬ್ಬು. ಡಬ್ಬಿಯ ಹಿಂದೆ 'ಮಾಂತೇಕಾ ದೆ ಸೆರ್ದೊ' ಎಂದಿದ್ದರೆ ಅತ್ತೆಯವರ ಕೈಗೆ ಕೊಡುವ ಮೊದಲು ಯೋಚಿಸಿ. ಬದಲಿಗೆ ಸೆವಿಲ್ ಪಕ್ಕದಲ್ಲೇ ಮಾಡುವ 'ತೊರ್ತಾಸ್ ದೆ ಅಸೇಯ್ತೆ' ತನ್ನಿ: ಆಲಿವ್ ಎಣ್ಣೆ, ಎಳ್ಳು, ಸೋಂಪು ಹಾಕಿದ ಗರಿಗರಿ ತೆಳು ಬಿಲ್ಲೆ, ಮೊಟ್ಟೆ ಇಲ್ಲ, ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಬೇಗ ಪುಡಿಯಾಗುವುದರಿಂದ ಅದು ಕೈಚೀಲಕ್ಕೆ. ಆಲಿವ್ ಎಣ್ಣೆ ಬಾಟಲಿಯ ಬದಲು ತಗಡಿನ ಡಬ್ಬಿ ಆರಿಸಿ, ಬಟ್ಟೆಯಲ್ಲಿ ಸುತ್ತಿ ಚೆಕ್‌-ಇನ್ ಸೂಟ್‌ಕೇಸಿಗೆ ಹಾಕಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಅಲ್ಲೇ ಉಳಿಯುತ್ತದೆ.